ಸ್ಟೀರಿಂಗ್ ಮೇಲಿನ ಬೆರಳು

ಡ್ರೋಹೆಡಾ ಊರಿನ ಆಸ್ಪತ್ರೆಯಿಂದ ನನ್ನನ್ನು ಈ ದ್ವೀಪದ ಕ್ಲಿನಿಕ್ಕಿಗೆ ಡಾಕ್ಟರಾಗಿ ಕಳಿಸಿದ್ದರು. ದೋಣಿ ಇಳಿದವಳನ್ನು ಜೀಪಿಗೆ ಹತ್ತಿಸಿಕೊಂಡವನು ಇಲ್ಲಿನ ಒಬ್ಬನೇ ಪೊಲೀಸ್. ಎದುರು ಬರುವ ಗಾಡಿಗೆ ಸ್ಟೀರಿಂಗಿನಿಂದ ಒಂದು ಬೆರಳೆತ್ತುವುದೇ ಇಲ್ಲಿಯ ನಮಸ್ಕಾರ. ಅವನು ಎಲ್ಲರಿಗೂ ಎತ್ತಿದ. ಒಬ್ಬರೂ ತಿರುಗಿ ಎತ್ತಲಿಲ್ಲ.

“ನಾನಿಲ್ಲಿಗೆ ಬಂದು ಒಂದು ವರ್ಷ ಆಯ್ತು. ಕಳ್ಳತನ ಇಲ್ಲ, ಜಗಳ ಇಲ್ಲ, ಎಲ್ಲಾ ಗ್ರ್ಯಾಂಡ್,” ಎಂದ. “ಲಾಕ್‌ಡೌನ್‌ನಲ್ಲಿ ಈ ಊರಿನವಳೇ ಒಬ್ಬಳನ್ನ ದೋಣಿಯಿಂದ ಇಳಿಯೋಕೆ ಬಿಡ್ಲಿಲ್ಲ, ಅಷ್ಟೇ. ಅಮ್ಮನ ಮಣ್ಣಿಗೆ ಬಂದಿದ್ಲು.”

ಆ ರೂಲ್ ಬರೆದವರು ಡಬ್ಲಿನ್ನಿನಲ್ಲಿದ್ದಾರೆ. ಅವರಿಗೆ ಈ ರಸ್ತೆಯಲ್ಲಿ ಯಾರೂ ಎದುರಾಗುವುದಿಲ್ಲ.

ತಿರುವಿನಲ್ಲಿ ಟ್ರ್ಯಾಕ್ಟರಿನ ಮುದುಕನೊಬ್ಬ ಬೆರಳೆತ್ತಿದ. ಸದ್ಯ, ಒಬ್ಬನಾದರೂ ಎತ್ತಿದನಲ್ಲ ಎಂದುಕೊಂಡೆ. ಪೊಲೀಸನ ಕೈ ಮಾತ್ರ ಅಲುಗಲಿಲ್ಲ.

“ಅದು ನಿಮಗೆ, ಡಾಕ್ಟ್ರೇ,” ಎಂದ. “ವಾಪಸ್ ಎತ್ತಿ.”