ಕಾಮಣ್ಣನ ಪಾಲಾದ ಗೇಟು

ಶಹಾಬಾದಿನ ಹೊರಗಿದ್ದ ನಮ್ಮ ಬಡಾವಣೆಗೆ ಇನ್ನೂ ಹೆಸರಿಲ್ಲದಿದ್ದ ಕಾಲವದು. ಸೇಡಂ, ಚಿಂಚೋಳಿಗಳ ಕಡೆಯಿಂದ ಕಲ್ಲುಗಣಿಗೆ ದುಡಿಯಲು ಬಂದವರು ಪರಸಿಗಲ್ಲಿನ ಚಪ್ಪಡಿಯನ್ನೇ ಗೋಡೆಯಾಗಿ ನಿಲ್ಲಿಸಿ, ಪರಸಿಗಲ್ಲನ್ನೇ ಮೇಲೆ ಹೊದಿಸಿ ಕಟ್ಟಿಕೊಂಡ ಮನೆಗಳು ನಮ್ಮವು. ಆಮೇಲೆ ಗುತ್ತಿಗೆದಾರ ಶಿವಶರಣಪ್ಪನವರು ಅಲ್ಲಿ ಮಹಡಿಮನೆ ಕಟ್ಟಿಸಿದರು. ಬಡಾವಣೆಗೆ ತಮ್ಮ ತಂದೆಯ ಹೆಸರನ್ನಿಟ್ಟರು. ನಾವು ನೀರಿಗೆಂದು ನಳಕ್ಕೆ ಹೋಗುತ್ತಿದ್ದ ಓಣಿಗೆ ಸಾಗುವಾನಿಯ ಗೇಟು ನಿಲ್ಲಿಸಿ ಬೀಗ ಜಡಿದರು.

ಅವ್ವ ಆಗ ತುಂಬು ಬಸುರಿ. ಗಣಿಯ ಹೊಂಡವನ್ನು ಸುತ್ತಿ ನೀರು ತರಲಾರದೆ ಒಂದು ದಿನ ಅವರ ಅಂಗಳದ ಮುಂದೆ ನಿಂತಳು.

“ಸಾವಕಾರ್ರೆ, ಬಾಣಂತನ ಮುಗಿಯೋ ತನಕಾದ್ರೂ ಗೇಟ್ ತೆರೀರಿ.”

“ನೀವೆಲ್ಲಾ ಅಡ್ಡಾಡಿದ್ರ ಅಂಗಳ ಹೊಲಸಾಗ್ತದ, ನಿಂಗವ್ವ. ಹೊಟ್ಟಿ ಭಾಳ ಭಾರಾದ್ರ ಸಣ್ಣ ಕೊಡ ತಗೋ,” ಎಂದು ಅವರು ನಕ್ಕರು.

ಅವ್ವ ಹೊಂಡದ ದಾರಿಗೆ ತಿರುಗಿದಳು. ಖಾಲಿ ಕೊಡ ಹಿಡಿದು ಪಕ್ಕದಲ್ಲಿದ್ದ ನಾನು ಆ ನಗೆಯನ್ನು ಜೋಪಾನವಾಗಿ ಎತ್ತಿಟ್ಟುಕೊಂಡೆ.

ಹೋಳಿ ಬಂತು. ಕಾಮಣ್ಣನ ಬೆಂಕಿಗೆಂದು ಮಕ್ಕಳು ಕದ್ದ ಕಟ್ಟಿಗೆಯನ್ನು ಯಾರೂ ಮರಳಿ ಕೇಳುವಂತಿರಲಿಲ್ಲ; ಬೈದು ಸುಮ್ಮನಾಗಬೇಕು, ಅದು ರೂಢಿ. ಉಳಿದವರು ಸೆಗಣಿಯ ಕುಳ್ಳು, ಮುರಿದ ಹೊರಸಿನ ಕಾಲು ಹುಡುಕುತ್ತಿದ್ದರೆ, ನಾನೂ ಗೆಳೆಯ ಮಹಿಬೂಬನೂ ಗಣಿಯ ಹಾರೆ ತಂದೆವು. ಸಾವಕಾರರು ಉಂಡು ಮಲಗಿದ್ದ ಸುಡುಮಧ್ಯಾಹ್ನದಲ್ಲಿ ಗೇಟನ್ನು ಕೀಲುಸಹಿತ ಮೀಟಿದೆವು.

“ಬೀಗ ಕಂಬಕ್ಕೇ ಇರ್ಲಿ ಬಿಡಲೇ,” ಎಂದ ಮಹಿಬೂಬ. “ಸಾವಕಾರ್ರು ಪಾಪ, ಏನ್ ಜಡೀಬೇಕು?”

ಸಂಜೆ ಹೋಳಿಯ ಹಲಗೆ ಬಾರಿಸುವ ಸದ್ದಿಗೆ ಸಾವಕಾರರು ಓಡಿಬಂದಾಗ ಗೇಟು ಅರ್ಧ ಉರಿದಿತ್ತು.

“ನಂದು ಸಾಗುವಾನಿ ಅದು!”

“ನಿಮ್ದಿತ್ರಿ,” ಎಂದಳು ನೆರೆಮನೆಯ ಮುದುಕಿ. “ಈಗ ಕಾಮಣ್ಣಂದು.”

ನಾವು ಬಾಯಿ ಬಡಿದುಕೊಂಡು ಲಬೋ ಲಬೋ ಎಂದೆವು. ಊರೆದುರು ರೂಢಿ ಮುರಿಯಲಾರದೆ ಅವರು ಹಲ್ಲು ಕಡಿಯುತ್ತ ನಿಂತರು. ಆಗ ಅವ್ವ, ಮನೆಯ ಒಲೆಗೆ ಕಾಮಣ್ಣನ ಕೆಂಡ ಒಯ್ಯಲು ಹೆಂಚಿನ ಚೂರು ಹಿಡಿದು, ಭಾರವಾದ ಹೆಜ್ಜೆ ಇಡುತ್ತ ಬಂದಳು.

“ಕುಳ್ಳಿಂದು ಬ್ಯಾಡಪ್ಪ,” ಎಂದಳು ನನಗೆ, ಸಾವಕಾರರನ್ನೇ ನೋಡುತ್ತ. “ಸಾಗುವಾನೀದು ಹಾಕು.”

ಆ ಕೆಂಡದ ಮೇಲೆ ಬೆಂದ ಹೋಳಿಗೆಯ ತುಪ್ಪದ ಘಮ ಇಂದಿಗೂ ನನ್ನ ಮೂಗಿನಲ್ಲಿದೆ. ಮರುದಿನ ಅವ್ವ ನೆಟ್ಟಗೆ ನಳಕ್ಕೆ ನಡೆದಳು, ದೊಡ್ಡ ಕೊಡವನ್ನೇ ಹೊತ್ತು.

ಈಗ ಮನೆಮನೆಗೂ ನಳ ಬಂದಿದೆ. ಕಾಮಣ್ಣನಿಗೆ ಕಟ್ಟಿಗೆಯನ್ನು ಅಡ್ಡೆಯಿಂದ ಕೊಂಡು ತರುತ್ತಾರೆ. ಯಾರ ಬಾಗಿಲನ್ನೂ ಯಾರೂ ಮುಟ್ಟುವುದಿಲ್ಲ. ಅವ್ವನೂ ಇಲ್ಲ, ಮಹಿಬೂಬನೂ ಇಲ್ಲ. ಬಡಾವಣೆಯ ಬಾಯಲ್ಲಿ ಶಿವಶರಣಪ್ಪನವರ ತಂದೆಯ ಹೆಸರು ಹೊತ್ತ ಕಮಾನು ಮಾತ್ರ ನಿಂತಿದೆ. ಪ್ರತಿ ಹೋಳಿಗೂ ಹೋಗಿ ಅದನ್ನು ತಟ್ಟಿ ನೋಡುತ್ತೇನೆ.

ಕಬ್ಬಿಣದ್ದು. ಉರಿಯುವುದಿಲ್ಲ.