ಪೂಜೆಗಿಟ್ಟ ಸ್ಪ್ಯಾನರು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಮುಂದೆ ಒಂದು ಜೀಪು ನಿಲ್ಲುತ್ತಿತ್ತು. ಅದು ಕೂಗಿದರೆ ಹೊಳೆಯಲ್ಲಿದ್ದವರೆಲ್ಲ ದಡಕ್ಕೆ ಓಡಬೇಕಿತ್ತು. ಕೂಗಲೇಬೇಕಾಗಿದ್ದ ಒಂದು ದಿನ ಅದು ಕೂಗಲಿಲ್ಲ ಮಕ್ಕಳೇ. ಆ ದಿನದ ಕತೆ ಹೇಳುತ್ತೇನೆ, ಕೇಳಿ.

ಶ್ರೀರಂಗಪಟ್ಟಣದಿಂದ ಅರಕೆರೆಗೆ ಹೋಗುವ ಕಡೆ, ಹೊಳೆಗೆ ಹತ್ತಿರದಲ್ಲೇ ನಮ್ಮ ಮನೆ. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ಅವ್ವ ಅಂದರೆ ನಮ್ಮಜ್ಜಿ, ಅಕ್ಕ, ನಾನು. ಅಪ್ಪ ನೀರಾವರಿ ಕಚೇರಿಯ ಜೀಪಿನ ಡ್ರೈವರು. ಅಣೆಕಟ್ಟೆಯ ಗೇಟು ತೆಗೆಯುವ ಮುಂಚೆ ಜೀಪಿನಲ್ಲಿದ್ದ ವೈರ್‌ಲೆಸ್ಸಿಗೆ ಸುದ್ದಿ ಬರುತ್ತಿತ್ತು. ಅಪ್ಪ ಸೈರನ್ ಹಾಕಿಕೊಂಡು ದಡದುದ್ದಕ್ಕೂ ಹೋಗುತ್ತಿದ್ದ. ಬಟ್ಟೆ ಒಗೆಯುವವರು, ಕುರಿ ಮೇಯಿಸುವವರು, ಮೀನು ಹಿಡಿಯುವವರು ಎಲ್ಲರೂ ಮೇಲೆ ಬಂದ ಮೇಲೆ, "ಹೊಳೆ ಖಾಲಿ" ಎಂದು ವೈರ್‌ಲೆಸ್ಸಿನಲ್ಲಿ ತಿಳಿಸುತ್ತಿದ್ದ.

ಅವತ್ತು ಆಯುಧಪೂಜೆ. ಹಬ್ಬಕ್ಕೆಂದು ಅಪ್ಪ ಜೀಪಿಗೆ ತಾನೇ ಹಸಿರು ಬಣ್ಣ ಬಳಿದಿದ್ದ. ಬಂಪರು ಬಿಚ್ಚಿ, ಸೈರನ್ ಬಿಚ್ಚಿ, ಒಳಗಿನ ಮೂಲೆಗಳಿಗೂ ಬ್ರಷ್ ತೂರಿಸಿ ಬಳಿದು ಮತ್ತೆ ಜೋಡಿಸಿದ್ದ. ಬಣ್ಣದ ವಾಸನೆ, ಚೆಂಡುಹೂವಿನ ವಾಸನೆ, ಒಲೆಯ ಮೇಲಿನ ಕಡಲೆಬೇಳೆಯ ವಾಸನೆ, ಎಲ್ಲ ಸೇರಿ ಅಂಗಳವೇ ಹಬ್ಬವಾಗಿತ್ತು. ಬೆಳಗ್ಗೆಯೇ ಪೂಜೆ ಮುಗಿದಿತ್ತು. ದೇವರ ಮುಂದೆ ಮಣೆಯ ಮೇಲೆ ಸ್ಪ್ಯಾನರು, ಇಕ್ಕಳ, ಕುಡುಗೋಲು, ಅಮ್ಮನ ಈಳಿಗೆಮಣೆ ಎಲ್ಲವೂ ವಿಭೂತಿ, ಕುಂಕುಮ ಇಟ್ಟುಕೊಂಡು ಮಲಗಿದ್ದವು. ಹಾಗೆ ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಯಾರೂ ಎತ್ತುವಂತಿರಲಿಲ್ಲ. ಸೊಪ್ಪು, ತರಕಾರಿಯನ್ನು ಕೂಡ ಅಮ್ಮ ಹಿಂದಿನ ದಿನವೇ ಹೆಚ್ಚಿಟ್ಟಿದ್ದಳು.

ಹೊಳೆಯಲ್ಲಂತೂ ಜನವೋ ಜನ. ಗಾಡಿ, ಎತ್ತು, ಟ್ರಾಕ್ಟರು ಎಲ್ಲದಕ್ಕೂ ಸ್ನಾನ. ಅಮ್ಮನ ತಮ್ಮ, ನಮ್ಮ ಮಾವ, ತನ್ನ ಜೋಡೆತ್ತುಗಳನ್ನು ಹೊಡೆದುಕೊಂಡು ನಡುಹೊಳೆಯ ಮರಳದಿಬ್ಬಕ್ಕೆ ಹೋಗಿದ್ದ. ಅಲ್ಲಿ ನೀರು ತಿಳಿಯಾಗಿರುತ್ತದೆಂದು ಅವನ ವಾದ.

ಮಳೆಗಾಲ ಮುಗಿದಿದ್ದರೂ ಕೊಡಗಿನ ಕಡೆ ಮಳೆ ನಿಂತಿರಲಿಲ್ಲ. ನಾವು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ವೈರ್‌ಲೆಸ್ ಕರಕರ ಎಂದಿತು. ಅಣೆಕಟ್ಟೆ ತುಂಬಿದೆ, ಕಾಯುವಂತಿಲ್ಲ, ಒಂದು ಗೇಟು ಈಗಲೇ ತೆಗೆಯುತ್ತಾರೆ, ಹೊಳೆ ಖಾಲಿ ಮಾಡಿಸಿ, ಎಂದು ಸುದ್ದಿ. ಅಪ್ಪ ಓಡಿಹೋಗಿ ಸೈರನ್ ಒತ್ತಿದ. ಅದು ಗಂಟಲು ಕಟ್ಟಿದ ಹಾಗೆ ಒಮ್ಮೆ ನರಳಿ ಸುಮ್ಮನಾಯಿತು. ಒತ್ತಿದ ಕೂಡಲೇ ವೈರ್‌ಲೆಸ್ಸಿನ ದೀಪವೂ ಆರಿತು. ಕೈ ತೆಗೆದರೆ ದೀಪ ಹತ್ತುತ್ತಿತ್ತು. ಮಾತಾಡಲು ಗುಂಡಿ ಒತ್ತಿದರೆ ಮತ್ತೆ ಆರುತ್ತಿತ್ತು. ಜನ ಹೊಳೆಯಲ್ಲಿದ್ದಾರೆ, ತಡೆಯಿರಿ ಎಂದು ಹೇಳುವುದಕ್ಕೂ ದಾರಿಯಿರಲಿಲ್ಲ.

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೂಗುತ್ತಾ ದಡದತ್ತ ಓಡಿದಳು. ಆದರೆ ಹೊಳೆ ಅಷ್ಟಗಲ. ಮೇಲೆ ಟ್ರಾಕ್ಟರುಗಳ ಸದ್ದು, ತಮಟೆ. ನಡುಹೊಳೆಗೆ ಮನುಷ್ಯರ ದನಿ ಮುಟ್ಟುವಂತಿರಲಿಲ್ಲ.

ಅಪ್ಪ ಜೀಪಿನ ಮೂತಿ ತೆರೆದ. ಎರಡು ತಂತಿ ಕಟ್ಟಿದ ಪುಟ್ಟ ಬಲ್ಬೊಂದು ಅವನ ಬಳಿ ಸದಾ ಇರುತ್ತಿತ್ತು. ಒಂದು ತಂತಿಯನ್ನು ಬ್ಯಾಟರಿಗೆ ಹಿಡಿದು, ಇನ್ನೊಂದನ್ನು ಇಂಜಿನ್ನಿನ ಬರಿಯ ಕಬ್ಬಿಣಕ್ಕೆ ಮುಟ್ಟಿಸಿದ. ಬಲ್ಬು ಪಳಪಳ ಉರಿಯಿತು. ಸೈರನ್ನಿನ, ವೈರ್‌ಲೆಸ್ಸಿನ ಕರೆಂಟು ವಾಪಸು ಹೋಗುವ ಅರ್ತಿಂಗ್ ತಂತಿಗಳೆರಡನ್ನೂ ಜೀಪಿನ ಮೈಗೆ ಒಂದೇ ಬೋಲ್ಟಿನಿಂದ ಬಿಗಿದಿತ್ತು; ಆಮೇಲೆ ಬಲ್ಬಿನ ತಂತಿಯನ್ನು ಆ ಬೋಲ್ಟಿಗೆ ಮುಟ್ಟಿಸಿದ. ಬಲ್ಬು ಕೆಂಡದ ಹಾಗೆ ಮಂಕಾಯಿತು.

"ಅಯ್ಯೋ, ಬಣ್ಣ ಕಣವ್ವ!" ಎಂದು ಅಪ್ಪ ಪಕ್ಕದಲ್ಲಿದ್ದ ನನ್ನತ್ತ ನೋಡಿ ಹಣೆ ಚಚ್ಚಿಕೊಂಡ. "ಬೋಲ್ಟಿನ ಅಡೀಗೂ ಬಳ್ದ್‌ಬುಟ್ಟಿವ್ನಿ. ಕರೆಂಟು ಎಲ್ಲಿಂದ ಓದಾತು?"

ಬೋಲ್ಟು ಬಿಚ್ಚಿ ಬಣ್ಣ ಕೆರೆದರೆ ಮುಗಿಯಿತು. ಆದರೆ ಸ್ಪ್ಯಾನರು ದೇವರ ಮುಂದಿತ್ತು. ಅಪ್ಪ ಒಳಗೆ ಹೋಗಿ ಕೈ ಚಾಚಿದ. ಅಜ್ಜಿ ಅಡ್ಡ ನಿಂತಳು.

"ಮುಟ್ಬೇಡ ಕಣ್ಲಾ! ಪೂಜೆಗಿಟ್ಟದ್ನ ನಾಳೆಗಂಟ ಎತ್ತಂಗಿಲ್ಲ. ಮನೆಗೆ ಕೇಡು."

ಅಜ್ಜಿ ದೇವಲಾಪುರದ ಕಡೆಯವಳು. ಒಣಭೂಮಿಯಲ್ಲಿ ಮೋಡ ಕಾಯುತ್ತಾ ಬೆಳೆದವಳು. ನೀರು ಬರುತ್ತದೆಂದರೆ ಕೈಮುಗಿದು ಗೊತ್ತೇ ಹೊರತು ಹೆದರಿ ಗೊತ್ತಿರಲಿಲ್ಲ. ಅಪ್ಪ ಎಂದೂ ಅವಳ ಮಾತು ಮೀರಿದವನಲ್ಲ. ಚಾಚಿದ ಕೈ ಹಾಗೇ ನಿಂತಿತು. ಆ ನಿಂತ ಕೈಯನ್ನು ನಾನು ಈಗಲೂ ಕನಸಿನಲ್ಲಿ ನೋಡುತ್ತೇನೆ.

ಆಗ ಅಕ್ಕ ಬಂದಳು. ಅಪ್ಪನ ಕಂಕುಳಡಿ ನುಸುಳಿ, ಮಣೆಯ ಮೇಲಿನ ದಾಸವಾಳವನ್ನು ಪಕ್ಕಕ್ಕೆ ಸರಿಸಿ, ಸ್ಪ್ಯಾನರನ್ನೂ ಕುಡುಗೋಲನ್ನೂ ಎತ್ತಿಕೊಂಡಳು.

"ಕೇಡಾದ್ರೆ ನಂಗಾಗ್ಲಿ ಬುಡಜ್ಜಿ. ಮಾವ ಒಳೇಲವ್ನೆ."

"ನಿನ್ ಕೈ ಸೇದೋಗ!" ಎಂದು, ಕೈ ಮರಗಟ್ಟಿಹೋಗಲೆಂದು, ಅಜ್ಜಿ ಶಪಿಸಿದಳು. ಅಕ್ಕ ತಿರುಗಿಯೂ ನೋಡಲಿಲ್ಲ. ಕುಂಕುಮ ಮೆತ್ತಿದ್ದ ಸ್ಪ್ಯಾನರು ಅವಳ ಬೆವರುಗೈಯಲ್ಲಿ ಜಾರುತ್ತಿತ್ತು. ಲಂಗಕ್ಕೆ ಒರೆಸಿ ಅಪ್ಪನಿಗೆ ಕೊಟ್ಟಳು. ಅಪ್ಪ ಬೋಲ್ಟು ಬಿಚ್ಚಿದ. ಅಕ್ಕ ಕುಡುಗೋಲಿನ ತುದಿಯಿಂದ ಕರಕರ ಕೆರೆದಳು. ಹಸಿರು ಬಣ್ಣ ಸಿಪ್ಪೆಯಾಗಿ ಉದುರಿ, ಬೆಳ್ಳಿಯ ಬಿಲ್ಲೆಯಂತೆ ಕಬ್ಬಿಣ ಹೊಳೆಯಿತು. ಅಪ್ಪ ಬಿಗಿದು ಗುಂಡಿ ಒತ್ತಿದ.

ಸೈರನ್ ಕೂಗಿತು. ತೆಂಗಿನ ಮರದ ಗಿಳಿಗಳೆಲ್ಲ ಒಟ್ಟಿಗೆ ಎದ್ದವು. ವೈರ್‌ಲೆಸ್ಸಿನ ದೀಪ ಆರಲಿಲ್ಲ. ಅಪ್ಪ ಒಂದು ಕೈಯಲ್ಲಿ ಮೈಕು ಹಿಡಿದು, "ಜನ ಅವ್ರೆ ಸಾರ್, ಮಿಕ್ಕಿದ್ ಗೇಟು ತಡೀರಿ" ಎಂದು ಕಿರುಚುತ್ತಲೇ ಜೀಪು ಬಿಟ್ಟ. ಹಿಂದಿನ ಸೀಟಿನಲ್ಲಿ ಅಕ್ಕ, ಅವಳ ಲಂಗ ಹಿಡಿದು ನಾನು.

ದಡದಲ್ಲಿ ಎಲ್ಲರೂ ಮೇಲೆ ಓಡಿ ಬರುತ್ತಿದ್ದರು. ಆಗಲೇ ಮೊದಲ ಗೇಟಿನ ನೀರು ಬಂದಿತ್ತು. ಅಲೆಯಲ್ಲ ಅದು. ತಿಳಿನೀರು ಕೆಂಪಾಯಿತು, ಬಂಡೆಗಳು ಒಂದೊಂದಾಗಿ ಕಾಣೆಯಾದವು, ಅಷ್ಟೇ. ಸದ್ದಿಲ್ಲದೆ ಬರುವುದನ್ನು ಕಂಡರೆ ನನಗೆ ಇಂದಿಗೂ ಭಯ. ದಿಬ್ಬದ ಮೇಲೆ ಮಾವನೊಬ್ಬನೇ ಉಳಿದಿದ್ದ. ಒಂದೆತ್ತು ಆಗಲೇ ದಡ ಸೇರಿತ್ತು. ಇನ್ನೊಂದು ನೀರಿಗೆ ಹೆದರಿ ಕಾಲು ಕೀಳುತ್ತಿರಲಿಲ್ಲ. ಅವನೂ ಹಗ್ಗ ಬಿಡುತ್ತಿರಲಿಲ್ಲ.

"ಎತ್ ಬುಟ್ಟು ಮ್ಯಾಕ್ ಬಾರ್ಲಾ!" ಎಂದು ಅಪ್ಪ ಕೂಗಿದ.

"ಬುಟ್ ಬರಕಾದದಾ ಭಾವ!"

ಅಕ್ಕ ಜೀಪಿನೊಳಗೆ ಬಾಗಿ ಸೈರನ್ ಒತ್ತಿ ಹಿಡಿದಳು. ಬಿಡಲೇ ಇಲ್ಲ. ಆ ಕೂಗಿಗೆ ಎತ್ತು ಬೆಚ್ಚಿ, ಕಿವಿ ನಿಮಿರಿಸಿ, ನೀರಿಗೆ ಧುಮುಕಿ, ಹಗ್ಗದ ತುದಿಯಲ್ಲಿ ಮಾವನನ್ನೂ ಎಳೆದುಕೊಂಡು ದಡಕ್ಕೆ ಈಜಿತು. ಮಾವ ಕೆಸರಿನಿಂದ ಎದ್ದು, ಕೆಮ್ಮುತ್ತಲೇ, "ಇನ್ನಾದ್ರೂ ನಿಲ್ಸವ್ವ, ಕಿವಿ ಓಯ್ತದೆ" ಎಂದ. ಅಮ್ಮ ಅವನ ಬೆನ್ನಿಗೆ ನಾಲ್ಕು ಬಾರಿಸಿ, ಆಮೇಲೆ ಅಪ್ಪಿಕೊಂಡು ಅತ್ತಳು.

ಅಜ್ಜಿ ಸೋಲಲಿಲ್ಲ. ಮಾವನ ತಲೆ ಸವರಿ ಊಟಕ್ಕೆ ಬಡಿಸಿದಳು. ಆದರೆ ಅಕ್ಕನ ಕೈಯಿಂದ ದೇವರಿಗೆ ತಪ್ಪುಕಾಣಿಕೆ ಕಟ್ಟಿಸಲೇಬೇಕೆಂದು ಹಟ ಹಿಡಿದಳು. "ತಪ್ಪೇ ಮಾಡಿಲ್ಲ, ಕಾಣ್ಕೆ ಯಾಕ್ ಕಟ್ಲಿ?" ಎಂದಳು ಅಕ್ಕ. ಆಮೇಲೂ ಕಟ್ಟಲಿಲ್ಲ. ಅವಳ ಕೈ ಸೇದಲೂ ಇಲ್ಲ. ಈ ವಯಸ್ಸಿನಲ್ಲೂ ಕಬ್ಬನ್ನು ಮೊಣಕಾಲಿಗೆ ಕೊಟ್ಟು ಮುರಿಯುತ್ತಾಳೆ, ನೀವೇ ನೋಡಿದ್ದೀರಿ.

ಬಣ್ಣ ಕರೆಂಟನ್ನು ಏಕೆ ತಡೆಯುತ್ತದೆಂದು ಮುಂದೆ ಕಾಲೇಜಿನಲ್ಲಿ ಓದಿದೆ. ಅಪ್ಪನ ಆ ಚಾಚಿದ ಕೈಯನ್ನು ತಡೆದದ್ದೇನು ಎಂಬುದು ಯಾವ ಪಾಠದಲ್ಲೂ ಇರಲಿಲ್ಲ.

ಈಗ ಹೊಳೆಗೆ ನೀರು ಬಿಟ್ಟರೆ ನಿಮ್ಮ ಅಂಗೈಯಲ್ಲಿನ ಫೋನೇ ಹೇಳುತ್ತದೆ. ಕೆರೆಯಲು ಬಣ್ಣವಿಲ್ಲ, ಬಿಗಿಯಲು ಬೋಲ್ಟಿಲ್ಲ. ಆದರೆ ಪ್ರತಿ ಆಯುಧಪೂಜೆಗೂ ಆ ಫೋನುಗಳನ್ನೆಲ್ಲ ನಿಮ್ಮಪ್ಪ ಸ್ವಿಚ್ ಆಫ್ ಮಾಡಿಸಿ, ಕುಂಕುಮವಿಟ್ಟು, ಮಣೆಯ ಮೇಲೆ ಸಾಲಾಗಿ ಮಲಗಿಸುತ್ತಾನೆ. ನಾನು ಮಾತ್ರ ನನ್ನ ಫೋನು ಕೊಡುವುದಿಲ್ಲ. ಈ ಅಜ್ಜಿಗೆ ಭಕ್ತಿ ಕಡಿಮೆ ಎಂದು ನೀವು ಮುಸಿಮುಸಿ ನಗುವುದು ನನಗೆ ಗೊತ್ತು. ನಗಿ. ಈ ಸಲವೂ ಅದು ನನ್ನ ಸೊಂಟದಲ್ಲೇ ಇರುತ್ತದೆ, ಆನ್ ಆಗಿಯೇ ಇರುತ್ತದೆ.