ಚಾಚಾನ ಅಪ್ಪನ ಬಿಳಿ ಮಣ್ಣು

ದುಬೈಯಲ್ಲೇ ಮಿರ್ದಿಫ್‌ಗೆ ಮನೆ ಬದಲಿಸುವ ಗಡಿಬಿಡಿಯಲ್ಲಿ ಹಳೆಯ ಸೂಟ್‌ಕೇಸಿನ ಒಳಜೇಬಿನಿಂದ ಒಂದು ಬೈರಾಸು, ಊರಿಂದ ತಂದ ಮೈ ಒರೆಸುವ ಬಟ್ಟೆ, ಸಿಕ್ಕಿತು. ಕನರಿದ ತೆಂಗಿನೆಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಬಿಡಿಸಿದರೆ ನಡುವೆ ಅಂಗೈಯಗಲದ ಬಿಳಿ ಕಲೆ, ಒಣಗಿ ಬಿರುಕು ಬಿಟ್ಟಿತ್ತು. ಒಗೆಯಲು ಹಾಕುತ್ತೇನೆಂದು ಹೆಂಡತಿ ಕೈ ಚಾಚಿದಳು. ನಾನು ಕೊಡಲಿಲ್ಲ. ರಟ್ಟಿನ ಪೆಟ್ಟಿಗೆಗಳ ನಡುವೆ ಹಾಗೇ ಕುಳಿತುಬಿಟ್ಟೆ.

ನಾನು ಹಳೇ ದುಬೈಯ ನೈಫ್‌ನ ಕಾರ್ಗೋ ಅಂಗಡಿಯಲ್ಲಿದ್ದಾಗ ಪಕ್ಕದ ಮೆಟ್ಟಿಲಡಿಯಲ್ಲಿ ಒಬ್ಬ ಮುದುಕರ ಅಂಗಡಿಯಿತ್ತು. ಅಂಗಡಿಯೆಂದರೆ, ಅವರು ಕುಳಿತರೆ ಗಿರಾಕಿ ಹೊರಗೆ ನಿಲ್ಲಬೇಕು. ಕಾಂಗೋದ ಬೆಂಬೆ ಜನಾಂಗದವರು. ಇಡೀ ಗಲ್ಲಿಗೆ ಚಾಚಾ. ಗೋಡೆ ತುಂಬ ಪ್ರವಾಸಿಗರಿಗೆಂದು ಕೆತ್ತಿದ ಮರದ ಮುಖವಾಡಗಳು. ಹೊಸ ಮರಕ್ಕೆ ಚಹಾದ ಡಿಕಾಕ್ಷನ್ ಬಳಿದು, ಮೇಲೆ ಬೂಟ್ ಪಾಲಿಶ್ ತಿಕ್ಕಿ, ಒಂದೇ ವಾರದಲ್ಲಿ ಅದಕ್ಕೆ ನೂರು ವರ್ಷ ವಯಸ್ಸು ಮಾಡಿಸುತ್ತಿದ್ದರು. ಗಿರಾಕಿ ಹೋದ ಮೇಲೆ ನನ್ನತ್ತ ನೋಡಿ ಕಣ್ಣು ಮಿಟುಕಿಸುವರು. ಅವರ ಹಿಂದಿಯೂ ನನ್ನ ಹಿಂದಿಯೂ ನೈಫ್‌ನ ಬೀದಿಯಲ್ಲೇ ಕಲಿತದ್ದಾದ್ದರಿಂದ ತಪ್ಪು ಹಿಡಿಯುವವರು ಯಾರೂ ಇರಲಿಲ್ಲ.

ಒಂದನ್ನು ಮಾತ್ರ ಪರದೆಯ ಹಿಂದೆ ಇಟ್ಟಿದ್ದರು. ತಲೆಗೆ ಇಡಿಯಾಗಿ ಕವುಚಿಕೊಳ್ಳುವಂಥದ್ದು. ಹಿಂದೊಂದು ಮುಂದೊಂದು ಮುಖ, ಬಟ್ಟಲಿನಷ್ಟು ಆಳದ ಕಣ್ಣುಗಳು, ಕಣ್ಣೊಳಗೆ ಬಿಳಿ ಮಣ್ಣು. ಅದು ಅವರ ಅಪ್ಪ ಧರಿಸುತ್ತಿದ್ದ ಮುಖವಾಡ. ಪ್ರತಿ ಸಲ ಧರಿಸುವ ಮುನ್ನ ಊರಿನ ತೊರೆಯ ಮಣ್ಣನ್ನು ಅಪ್ಪನೇ ಬೆರಳಿನಿಂದ ಮೆತ್ತುತ್ತಿದ್ದರಂತೆ. ಕೊನೆಯ ಸಲ ಮೆತ್ತಿದ ಮೇಲೆ ಯುದ್ಧ ಬಂತು, ಅಪ್ಪ ಹೋದರು, ಊರೂ ಹೋಯಿತು. ಹತ್ತಿರದಿಂದ ನೋಡಿದರೆ ಮಣ್ಣಿನಲ್ಲಿ ಬೆರಳಿನ ಗೀರು ಕಾಣುತ್ತಿತ್ತು...

ವಿಸಾ ಬದಲಿಸಲು ಅವರು ದೇಶ ಬಿಟ್ಟು ಇರಾನಿನ ಕಿಶ್ ದ್ವೀಪಕ್ಕೆ ಹೋಗಬೇಕಾಯಿತು. ಆಗ ಅದನ್ನು ಗೋಣಿಯಲ್ಲಿ ಸುತ್ತಿ ನನ್ನ ಕೈಗಿಟ್ಟರು. ಯಾರಿಗೂ ತೋರಿಸಬೇಡ, ಬಿಚ್ಚಬೇಡ ಎಂದಷ್ಟೇ ಹೇಳಿದರು. ನಾಲ್ಕು ದಿನದ ಮಾತು ಒಂದೂವರೆ ತಿಂಗಳಾಯಿತು. ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅದು ಮಂಚದಡಿ ಮಲಗಿತ್ತು. ಒಂದು ಶುಕ್ರವಾರ ಗುಡಿಸುತ್ತಿದ್ದ ಹೆಂಡತಿ ನನ್ನನ್ನು ಕರೆದಳು.

"ಬಿಳಿ ಪುಡಿ ಉದುರ್ತಾ ಉಂಟು. ಹುಳ ಹಿಡಿದದೆ ಮಾರಾಯ್ರೆ."

ನಮ್ಮ ಕಡೆ ಮರಕ್ಕೆ ಹುಳ ಹಿಡಿದರೆ ಯಾರೂ ಪಂಚಾಂಗ ನೋಡುವುದಿಲ್ಲ. ಒರೆಸಿ ಗೇರೆಣ್ಣೆ ಬಳಿಯುವುದೇ. ಗೇರೆಣ್ಣೆ ಇಲ್ಲಿ ಎಲ್ಲಿಂದ ಬರಬೇಕು? ಗೋಣಿ ಬಿಚ್ಚಿ ತೆಂಗಿನೆಣ್ಣೆ ಹಚ್ಚಿ, ಬೈರಾಸಿನಿಂದ ಆ ನಾಲ್ಕು ಕಣ್ಣುಗಳನ್ನೂ ತಿಕ್ಕಿ ತಿಕ್ಕಿ ಒರೆಸಿದೆ. ಬೆರಳಿನ ಗೀರು ನೆನಪಾಗಲೇ ಇಲ್ಲ. ಮರ ಫಳಫಳ ಹೊಳೆಯಿತು. ಭೂತಕೋಲದಲ್ಲಿ ದೈವದ ಮೊಗವನ್ನು, ಆ ಮುಖವಾಡವನ್ನು, ಮುಟ್ಟಲು ಅದರದೇ ಜನ ಇರುತ್ತಾರೆಂದು ಹುಟ್ಟಿದಾಗಿನಿಂದ ಕಂಡ ಊರಿನವನು ನಾನು. ಪರರ ಮೊಗಕ್ಕೂ ಹಾಗೆಯೇ ಇರಬಹುದೆಂದು ಹೊಳೆಯಲಿಲ್ಲ. ಇಟ್ಟುಕೊಂಡದ್ದನ್ನು ಚೆನ್ನಾಗಿ ಮಾಡಿ ಕೊಡುತ್ತಿದ್ದೇನೆಂಬ ಹೆಮ್ಮೆ ಬೇರೆ.

ಚಾಚಾ ಬಂದರು, ಸೊರಗಿದ್ದರು. ಗೋಣಿ ಬಿಚ್ಚಿದವರು ಸ್ವಲ್ಪ ಹೊತ್ತು ಕಣ್ಣಿನ ಗುಳಿಯೊಳಗೆ ಬೆರಳಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೇರೆ ಬಿಳಿ ಮಣ್ಣು ತಂದುಕೊಡುತ್ತೇನೆಂದು ನಾನು ತೊದಲಿದೆ. ಹಚ್ಚುವ ಅಧಿಕಾರ ತನಗೂ ಇಲ್ಲ, ಅದಕ್ಕೆ ದೀಕ್ಷೆ ಪಡೆದು ಹಿರಿಯರಾಗಬೇಕು, ಅಷ್ಟರೊಳಗೇ ತಾನು ಊರು ಬಿಟ್ಟಾಗಿತ್ತು ಎಂದರು. ಗಡಿಯಾಚೆ ತಾಂಜಾನಿಯಾದಲ್ಲಿ ಆ ಅಧಿಕಾರವುಳ್ಳ, ಅಪ್ಪನ ಜೊತೆಗಾರರೊಬ್ಬರು ಇನ್ನೂ ಬದುಕಿದ್ದರಂತೆ. ಆಮೇಲೆ ತಲೆಯೆತ್ತಿ ಕೇಳಿದರು:

"ಒರೆಸಿದ ಬಟ್ಟೆ ಎಲ್ಲಿ, ಭಾಯಿ? ನೆನೆಸಿದರೆ ಮಣ್ಣು ಬಿಡುತ್ತದೆ. ಅವರು ಮತ್ತೆ ಹಚ್ಚಿ ಕೊಡುತ್ತಾರೆ."

ಬೈರಾಸು ಮನೆಯಲ್ಲೇ ಎಲ್ಲೋ ಇತ್ತು. ಹುಡುಕಿ ತರುತ್ತೇನೆಂದರೆ ಇನ್ನೊಮ್ಮೆ ಆ ಮುಖ ಎದುರಿಸಬೇಕು. ಸಿಗದಿದ್ದರೆ ಮತ್ತೊಮ್ಮೆ. ನಾಚಿಕೆಗೆ ಹೆದರಿ ನಾನು ಸುಳ್ಳು ಹೇಳಿದೆ.

"ಎಸೆದೆ, ಚಾಚಾ. ಖಲಾಸ್."

"ಖಲಾಸ್," ಎಂದು ಅವರೂ ಮೆಲ್ಲಗೆ ಹೇಳಿ ಗೋಣಿಯ ಬಾಯಿ ಕಟ್ಟಿದರು.

ಆಮೇಲೂ ಮಾತಾಡುತ್ತಿದ್ದೆವು, ಚಹಾ ಹಂಚಿಕೊಳ್ಳುತ್ತಿದ್ದೆವು. ಆದರೆ ಕಣ್ಣು ಮಿಟುಕಿಸುವುದು ನಿಂತಿತ್ತು. ಬೇಸಿಗೆ ಮುಗಿಯುವ ಮೊದಲೇ ಅಂಗಡಿ ಮುಚ್ಚಿ ತಾಂಜಾನಿಯಾದ ಕಡೆ ಹೊರಟರು. ವರ್ಷದ ಮೇಲೆ ನೈಫ್‌ಗೆ ಬಟ್ಟೆ ಕೊಳ್ಳಲು ಬರುತ್ತಿದ್ದ ಅವರ ಕಡೆಯ ವ್ಯಾಪಾರದ ಹೆಂಗಸೊಬ್ಬಳು, ಚಾಚಾ ತೀರಿಕೊಂಡರೆಂದಳು. ಮುಖವಾಡ ಕೊನೆಯವರೆಗೂ ತಲೆದಿಂಬಿನ ಬಳಿಯೇ ಇತ್ತಂತೆ, ಕಣ್ಣು ಬರಿದಾಗಿಯೇ... ನಾನು ಕಾರ್ಗೋ ಚೀಟಿ ಬರೆಯುತ್ತಾ ತಲೆ ತಗ್ಗಿಸಿಕೊಂಡೆ.

ಈಗ ಆ ಮಣ್ಣು ನನ್ನ ತೊಡೆಯ ಮೇಲಿದೆ. ಕೊಡೋಣವೆಂದರೆ ತೆಗೆದುಕೊಳ್ಳುವವರಿಲ್ಲ. ಒಂದು ಸಂಜೆ ಮನೆಯನ್ನು ಜಾಲಾಡಿದ್ದರೆ ಸಿಗುತ್ತಿದ್ದ ವಸ್ತು. ಅಷ್ಟನ್ನೂ ಮಾಡದವನು ನಾನು.

ಹೆಂಡತಿ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದಳು.

"ಎಂತ ಅದು?"

"ಚಾಚಾನ ಅಪ್ಪನದ್ದು."

ಅವಳು ಎದುರು ಕುಳಿತು ಬೈರಾಸನ್ನು ತೆಗೆದುಕೊಂಡಳು. ಪುಡಿ ಉದುರದ ಹಾಗೆ, ನಾಲ್ಕೂ ತುದಿಗಳನ್ನು ಒಳಗೆ ಮಾಡಿ ಮಡಚಿದಳು.